ಲ್ಯಾಪ್‌ಟಾಪನ್ನಲ್ಲ, ಚೀಲವನ್ನು ತೂಗಿ



ನಿಮ್ಮ ಶಾಲೆಗೆ ಬರುವ ವಿಜ್ಞಾನ ಸಂಪನ್ಮೂಲ ಶಿಕ್ಷಕರ ಚೀಲದಲ್ಲಿ ಏನೇನಿರುತ್ತದೆ ಗೊತ್ತೇ? ಆಯಸ್ಕಾಂತ, ಮಸೂರ, ಲಿಟ್ಮಸ್ ಕಾಗದ, ಮಳೆಗಾಲವಾದರೆ ಕೊಡೆ, ಜೊತೆಗೊಂದು ಲ್ಯಾಪ್‌ಟಾಪ್. ನನ್ನ ಹಳೆಯ ಲ್ಯಾಪ್‌ಟಾಪ್ ಎರಡೂವರೆ ಕಿಲೋ ತೂಗುತ್ತದೆ. ಅದನ್ನು ಹೆಗಲಿಗೇರಿಸಿ ಕಾರ್ಕಳದಿಂದ ನಿಟ್ಟೆ, ಬೆಳ್ಮಣ್ಣು ಕಡೆಗೆ ಬಸ್ಸಿನಲ್ಲಿ ನಿಂತು ಹೋಗುವ ಉತ್ಸಾಹ ಈಗ ನನಗಿಲ್ಲ. ಹೊಸದನ್ನು ಕೊಳ್ಳಬೇಕು. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಎರಡನ್ನು ಆರಿಸಿಟ್ಟಿದ್ದೇನೆ. ಕಂಪೆನಿಗಳ ಹೆಸರು ಬೇಡ. ಇದು ಜಾಹೀರಾತಿನ ಪುಟವಲ್ಲ.

ಮೊದಲನೆಯದು 1000 ಗ್ರಾಂ, ಎರಡನೆಯದು 1300 ಗ್ರಾಂ. ಮೊದಲನೆಯದನ್ನೇ ಕೊಳ್ಳಿ ಎನ್ನುತ್ತೀರಿ. ಅಂಗಡಿಯವರೂ ಹಾಗೇ ಹೇಳಿದರು. ನಾನು ಒಪ್ಪುವುದಿಲ್ಲ. ಏಕೆಂದು ನೀವೇ ಲೆಕ್ಕ ಮಾಡಿ ನೋಡಿ.

ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಗಂಟೆಗಳಲ್ಲಿ ಬರೆದಿರುತ್ತಾರೆ. ನಿಮ್ಮ ಮನೆಯ ಮೆಸ್ಕಾಂ ಬಿಲ್ಲಿನಲ್ಲಿರುವ ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ. ಹಗುರವಾದ ಲ್ಯಾಪ್‌ಟಾಪಿನ ಬ್ಯಾಟರಿ 40 ವ್ಯಾಟ್-ಗಂಟೆ, ಇನ್ನೊಂದರದ್ದು 56. ಪಾಠದ ಚಿತ್ರ, ವಿಡಿಯೊ ತೋರಿಸುವಾಗ ಎರಡೂ ಸುಮಾರು 8 ವ್ಯಾಟ್ ಬಳಸುತ್ತವೆ ಎಂದಿಟ್ಟುಕೊಳ್ಳಿ, ಅಂದರೆ ಒಂದು ಎಲ್‌ಇಡಿ ಬಲ್ಬಿನಷ್ಟು. 40ನ್ನು 8ರಿಂದ ಭಾಗಿಸಿದರೆ 5 ಗಂಟೆ. 56ನ್ನು ಭಾಗಿಸಿದರೆ 7 ಗಂಟೆ.

ಒಂದು ದಿನಕ್ಕೆ ಎರಡು ಶಾಲೆಗಳಲ್ಲಿ ನನ್ನ ಕೆಲಸವೇ ಐದು ಗಂಟೆ. ಹಗುರವಾದದ್ದನ್ನು ಕೊಂಡರೆ 300 ಗ್ರಾಂ ತೂಕದ ಚಾರ್ಜರನ್ನು ಜೊತೆಗೆ ಒಯ್ಯಲೇಬೇಕು. ಅದು ಎಷ್ಟು ತೆಳ್ಳಗಿದೆಯೆಂದರೆ ಪ್ರೊಜೆಕ್ಟರಿನ ಎಚ್‌ಡಿಎಂಐ ಕೇಬಲ್ ಸಿಕ್ಕಿಸಲು ಜಾಗವೇ ಇಲ್ಲ. ಅದಕ್ಕೆ 50 ಗ್ರಾಂನ ಬೇರೊಂದು ಜೋಡಕ ಬೇಕು. ಈಗ ಕೂಡಿಸಿ: 1350 ಗ್ರಾಂ! ‘ಭಾರ’ದ ಲ್ಯಾಪ್‌ಟಾಪಿನ ಚಾರ್ಜರ್ ಮನೆಯಲ್ಲೇ ಉಳಿಯುತ್ತದೆ, ಜೋಡಕವೂ ಬೇಡ. ಅದು 1300 ಗ್ರಾಂನಲ್ಲೇ ನಿಂತಿತು.

ಇನ್ನೂ ಒಂದು ಮಾತಿದೆ. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆಷಾಢದ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಸಂಜೆಯವರೆಗೂ ಬರುವುದಿಲ್ಲ. ಆಗ ಹೊತ್ತು ತಂದ ಚಾರ್ಜರಿನಿಂದ ಏನು ಉಪಯೋಗ?

ಈ ಗೊಂದಲ ಹೊಸದಲ್ಲ. 1981ರಲ್ಲಿ ಬಂದ ಆಸ್ಬಾರ್ನ್ 1 ಎಂಬ ‘ಕೊಂಡೊಯ್ಯುವ’ ಕಂಪ್ಯೂಟರ್ 11 ಕಿಲೋ ತೂಗುತ್ತಿತ್ತು, ಒಳಗೆ ಬ್ಯಾಟರಿಯೂ ಇರಲಿಲ್ಲ. 2008ರಲ್ಲಿ ಆ್ಯಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ತೆಗೆದು ತೋರಿಸಿದಾಗ ಜಗತ್ತೇ ಬೆರಗಾಯಿತು. ತೂಕ 1.36 ಕಿಲೋ. ಆದರೆ ಅದರಲ್ಲಿ ಸಿ.ಡಿ. ಹಾಕುವ ಜಾಗವಿರಲಿಲ್ಲ, ಯುಎಸ್‌ಬಿ ಕಿಂಡಿ ಒಂದೇ ಒಂದು. ಸಿ.ಡಿ. ಬಳಸುವವರು ಅದರ ಡ್ರೈವನ್ನು ಬೇರೆಯಾಗಿ ಹೊರಬೇಕಿತ್ತು. ಆ ಡ್ರೈವ್ ಲಕೋಟೆಯಲ್ಲಿ ಇರಲಿಲ್ಲ, ನೋಡಿ!

ಹಾಗೆಂದು ಹಗುರವಾದದ್ದು ಕೆಟ್ಟದ್ದಲ್ಲ. ನಿಟ್ಟೆಯ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಿಂದ ತರಗತಿಗೆ ಹೋಗುವ ಅಕ್ಕಂದಿರಿಗೆ, ಅಣ್ಣಂದಿರಿಗೆ ಅದೇ ಸರಿಯಿರಬಹುದು. ಕೋಣೆಗೆ ಮರಳಿದರೆ ಪ್ಲಗ್ಗು ಇದ್ದೇ ಇರುತ್ತದೆ. ನನ್ನ ದಾರಿ ಬೇರೆ.

ಬ್ಯಾಟರಿಗೂ ವಯಸ್ಸಾಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಕೆಲವು ನೂರು ಬಾರಿ ತುಂಬಿ ಬರಿದು ಮಾಡಿದ ಮೇಲೆ ಅದರ ಸಾಮರ್ಥ್ಯ ಮೊದಲಿನ ಶೇ. 80ರಷ್ಟಕ್ಕೆ ಇಳಿಯಬಹುದು. ಆಗ 40 ಇದ್ದದ್ದು 32 ಆಗುತ್ತದೆ, ಕೆಲಸ 4 ಗಂಟೆಗೇ ಮುಗಿಯುತ್ತದೆ. 56 ಇದ್ದದ್ದು ಎಷ್ಟಾಗುತ್ತದೆ, ನನ್ನ ಐದು ಗಂಟೆಗೆ ಸಾಕಾಗುತ್ತದೆಯೇ? ಈ ಲೆಕ್ಕ ನಿಮಗೆ ಬಿಟ್ಟದ್ದು.

ತಕ್ಕಡಿ ಸಿಕ್ಕಿದರೆ ನಿಮ್ಮ ಚೀಲವನ್ನೂ ತೂಗಿ ನೋಡಿ. 6ರಿಂದ 8ನೇ ತರಗತಿಯವರ ಚೀಲ 3ರಿಂದ 4 ಕಿಲೋ ಮೀರಬಾರದೆಂದು ನಮ್ಮ ರಾಜ್ಯ ಸರಕಾರ 2019ರಲ್ಲಿ ಆದೇಶಿಸಿದೆ. ಪುಸ್ತಕಗಳನ್ನು ಮಾತ್ರ ತೂಗಬೇಡಿ. ಬುತ್ತಿ, ನೀರಿನ ಬಾಟಲಿ, ಒದ್ದೆಯಾದ ಕೊಡೆ ಎಲ್ಲವೂ ಒಳಗೇ ಇರಲಿ.