ಶಾಲೆಯಲ್ಲೂ ಪಂಕ್ತಿಭೇದವೇ?

ನಮ್ಮ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಎಂಬ ಹೆಸರಿದೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ ಈ ಯೋಜನೆ ಬಳಿಕ ರಾಜ್ಯಕ್ಕೆಲ್ಲ ವಿಸ್ತರಿಸಿತು. ಶರಣರ ಮಾತೊಂದು ಸರ್ಕಾರದ ಕಡತ ಸೇರಿತೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಆ ದಾಸೋಹದ ಪಂಕ್ತಿಯಲ್ಲಿ ನಮ್ಮ ಮಕ್ಕಳು ಕುಳಿತಿದ್ದಾರೆಯೇ?

ಈ ಪ್ರಶ್ನೆ ಮೊದಲು ನನಗೇ. ನಾನು ಕಲಿತದ್ದು ಹಳ್ಳಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ. ಮುಂದೆ ಮಠವೊಂದರ ಉಚಿತ ಪ್ರಸಾದ ನಿಲಯದಲ್ಲಿದ್ದು ಎಂಜಿನಿಯರಿಂಗ್ ಮುಗಿಸಿದೆ. ನೌಕರಿ ಸಿಕ್ಕ ಮೇಲೆ ನನ್ನ ಮಕ್ಕಳನ್ನು ಸೇರಿಸಿದ್ದು ಮಾತ್ರ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ. ಆಗ ಅದು ತಪ್ಪೆಂದು ಅನಿಸಲೂ ಇಲ್ಲ.

ಸಾರ್ವಜನಿಕ ಶಿಕ್ಷಣ ನಮಗೆ ಸುಮ್ಮನೆ ದಕ್ಕಿದ್ದಲ್ಲ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ ಇದ್ದಾಗ, ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಬೆಳೆಸಿದರು. 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಸಿಗುವಂತಾಗಬೇಕೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನ ಹೇಳಿತು. ಅದು ಮೂಲಭೂತ ಹಕ್ಕೆನಿಸಲು 2002ರ 86ನೇ ತಿದ್ದುಪಡಿ ಬೇಕಾಯಿತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅಷ್ಟರೊಳಗೆ ಉಳ್ಳವರು ಸರ್ಕಾರಿ ಶಾಲೆಯಿಂದ ಎದ್ದು ಹೋಗಿದ್ದೆವು.

ಸೇವಾವಧಿಯಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಕಟ್ಟಡ ಹಾಳಾಗುವುದು ಹಳತಾದದ್ದರಿಂದಷ್ಟೇ ಅಲ್ಲ, ಸೋರಿದಾಗ ಬಂದು ಕೇಳುವವರಿಲ್ಲದ್ದರಿಂದ. ಸಾಹೇಬರ ಬಂಗಲೆ ಸೋರಿದರೆ ಸಂಜೆಯೊಳಗೆ ದುರಸ್ತಿಯಾಗುತ್ತದೆ. ಶಾಲೆ ಸೋರಿದರೆ ಅದು ಮುಂದಿನ ವರ್ಷದ ಅಂದಾಜು ಪಟ್ಟಿಗೆ ಹೋಗುತ್ತದೆ. ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾಯ್ದೆ ಹೇಳುತ್ತದೆ. ಅಂದರೆ ಕೇಳುವ ಅಧಿಕಾರ ಪೋಷಕರದು. ಗಟ್ಟಿಯಾಗಿ ಕೇಳಬಲ್ಲ ನಾವು ಮಕ್ಕಳನ್ನು ಬಿಡಿಸಿಕೊಂಡು ಬಂದೆವು. ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬರಲಾಗದವರ ಹೆಗಲಿಗೆ ಆ ಹೊರೆ ಬಿತ್ತು. ಈಗ ನಾವೇ ಸರ್ಕಾರಿ ಶಾಲೆ ಚೆನ್ನಾಗಿಲ್ಲ ಎನ್ನುತ್ತೇವೆ.

ಮಕ್ಕಳಿಗೆ ಇಂಗ್ಲಿಷ್ ಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತ ಬೇಕು. ಕೂಲಿಕಾರನ ಮಗಳಿಗೂ ಬೇಕು. ಅದನ್ನು ಆ ಶಾಲೆಯಲ್ಲೇ ಕೊಡಿ ಎಂದು ಒತ್ತಾಯಿಸುವವರು ಯಾರು?

ದಾಸೋಹವೆಂದರೆ ಅನ್ನ ಬಡಿಸುವುದಷ್ಟೇ ಅಲ್ಲ, ಒಂದೇ ಸಾಲಿನಲ್ಲಿ ಕೂರುವುದು. ಉಳ್ಳವರ ಮಕ್ಕಳಿಗೊಂದು ಶಾಲೆ, ಇಲ್ಲದವರ ಮಕ್ಕಳಿಗೊಂದು ಶಾಲೆ ಎಂಬುದು ಬಸವಾದಿ ಶರಣರು ಒಪ್ಪದ ಪಂಕ್ತಿಭೇದ. ಮಠಗಳ ಶಾಲೆಯ ಬಾಗಿಲಲ್ಲೇ ಶುಲ್ಕ ಕಟ್ಟಲಾಗದ ಮಗು ಹಿಂದಿರುಗಿದರೆ ಅದೂ ಪಂಕ್ತಿಭೇದವೇ.

ಪೂಜ್ಯರಲ್ಲಿ ನನ್ನ ಬಿನ್ನಹ: ಪ್ರತಿ ಮಠವೂ ಹತ್ತಿರದ ಒಂದು ಸರ್ಕಾರಿ ಶಾಲೆಯ ಕೈಹಿಡಿಯಲಿ. ಊರಿನ ನಿವೃತ್ತರನ್ನು ಅಲ್ಲಿಗೆ ಕಳುಹಿಸಲಿ. ನಮ್ಮೂರ ಶಾಲೆಯ ದುರಸ್ತಿಯ ಅಂದಾಜು ಪಟ್ಟಿ ಬರೆದು ಕಚೇರಿಗೆ ಅಲೆಯುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಇದು ಉಪಕಾರವಲ್ಲ, ತಡವಾಗಿ ತೀರಿಸುತ್ತಿರುವ ಸಾಲ.