ಯಂತ್ರ ನಮ್ಮದು, ಬೀಗದ ಕೈ ಯಾರದು?

ನಮ್ಮ ಮೊಹಲ್ಲಾದ ವಾಚನಾಲಯದಲ್ಲಿ ಆರು ಕಂಪ್ಯೂಟರುಗಳಿವೆ. ಕಚೇರಿಯೊಂದು ಹೊಸದನ್ನು ಕೊಂಡಾಗ ಹಳೆಯವನ್ನು ನಮಗೆ ದಾನವಾಗಿ ಕೊಟ್ಟಿತ್ತು. ಸಂಜೆ ಹೊತ್ತು ಹೈಸ್ಕೂಲು, ಪಿಯುಸಿಯ ಮಕ್ಕಳು ಬಂದು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಾರೆ, ಟೈಪಿಂಗ್ ಕಲಿಯುತ್ತಾರೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಮರುವಾರ ಬಂದ ರಿಪೇರಿಯ ಹುಡುಗ ಆರನ್ನೂ ತಟ್ಟಿ ನೋಡಿ, "ಇವನ್ನ ಗುಜರಿಗೆ ಹಾಕಿ ಸಾಬ್, ಇದರ ಮೇಲೆ ಹನ್ನೊಂದು ಕೂರೋದಿಲ್ಲ" ಎಂದ. ಕಮಿಟಿಯ ಹಿರಿಯರು ತಲೆಯಾಡಿಸಿದರು. ಎರಡು ಲಕ್ಷ ರೂಪಾಯಿ ಚಂದಾ ಎತ್ತುವ ಮಾತು ಅಲ್ಲಿಯೇ ಶುರುವಾಯಿತು.

ನಾವು ತಕರಾರು ತೆಗೆದೆವು. ಯಾಕೆಂದರೆ ಆ ಯಂತ್ರಗಳಿಗೆ ಯಾವ ರೋಗವೂ ಇರಲಿಲ್ಲ. ಹಿಂದಿನ ದಿನ ಅರ್ಜಿ ತುಂಬಿದ ಯಂತ್ರ ಮಾರನೆಯ ದಿನ ಗುಜರಿ ಆಗುವುದು ಹೇಗೆ? 2021ರಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕೆಂದೂ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕೆಂದೂ ಷರತ್ತು ಹಾಕಿದೆ. ನಮ್ಮವು ನಾಲ್ಕನೆಯ ತಲೆಮಾರಿನವು. ಯಂತ್ರ ಸತ್ತಿಲ್ಲ, ಅದಕ್ಕೆ ಮರಣಪತ್ರ ಬರೆದುಕೊಟ್ಟಿದ್ದಾರೆ ಅಷ್ಟೆ. ಇನ್ನೊಂದು ವರ್ಷದ ಭದ್ರತಾ ನವೀಕರಣವನ್ನು ಷರತ್ತಿನ ಮೇಲೆ ಕೊಡುತ್ತೇವೆ ಎಂದು ಕಂಪನಿ ಹೇಳಿದ್ದು ನಿಜ. ಆದರೆ ಅದು ಗಡುವಿನ ಮುಂದೂಡಿಕೆಯೇ ಹೊರತು ಪರಿಹಾರವಲ್ಲ.

ನಾವು ಒಂದೊಂದಕ್ಕೆ ಸುಮಾರು ಎರಡು ಸಾವಿರ ಖರ್ಚು ಮಾಡಿ ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದೆವು, ಮೆಮೊರಿಯನ್ನು 8 ಜಿಬಿಗೆ ಏರಿಸಿದೆವು, ಲಿನಕ್ಸ್ ಕೂರಿಸಿದೆವು. ಆರೂ ಯಂತ್ರಗಳು ಎದ್ದು ನಿಂತವು, ಮೊದಲಿಗಿಂತ ಚುರುಕಾಗಿ. ಆದರೆ ನಮ್ಮ ಸಂಭ್ರಮ ಸಂಜೆಯ ತನಕವೂ ಉಳಿಯಲಿಲ್ಲ. ಕೇಬಲ್ ತಲುಪದ ಎರಡು ಯಂತ್ರಗಳಿಗೆಂದು ನಾವೇ ಕೊಂಡು ತಂದ ವೈಫೈ ಕಡ್ಡಿಗಳಲ್ಲಿ ಒಂದು ಕೆಲಸ ಮಾಡಿತು, ಅದೇ ಹೆಸರಿನ, ಅದೇ ಡಬ್ಬಿಯ ಇನ್ನೊಂದು ಮಾಡಲಿಲ್ಲ. ಲೇಸರ್ ಪ್ರಿಂಟರ್ ಅಂತೂ ದೀಪ ಮಿನುಗಿಸಿ ಸುಮ್ಮನಾಯಿತು. ಅರ್ಜಿಯ ಪ್ರತಿ ಬೇಕಾದ ಹುಡುಗಿ ಬಜಾರಿಗೆ ಓಡಬೇಕಾಯಿತು. "ಪುಕ್ಕಟೆ ಮಾಲು ಹೀಗೇ" ಎಂದು ಹಾಜಿ ಸಾಹೇಬರು ನಕ್ಕರು.

ನಮ್ಮ ಜಗಳ ಇರುವುದು ಇಲ್ಲಿ, ಅದೂ ಇಬ್ಬರ ಜೊತೆ. ಒಬ್ಬರು, ಒಳ್ಳೆಯ ಯಂತ್ರವನ್ನು ಗುಜರಿಗೆ ಹಾಕಿ ಎನ್ನುವವರು. ಇನ್ನೊಬ್ಬರು ನಮ್ಮದೇ ಗೆಳೆಯರು. "ಲಿನಕ್ಸ್ ಯಾವುದರ ಮೇಲಾದರೂ ಓಡುತ್ತದೆ, ಹಾಕಿ ನೋಡಿ" ಎಂದು ಭಾಷಣ ಮಾಡಿ, ಪ್ರಿಂಟರ್ ನಿಂತಾಗ ಫೋನ್ ಎತ್ತದವರು. ಮೊದಲನೆಯವರು ಬಡವರ ಹಣ ಕಳೆಯುತ್ತಾರೆ, ಎರಡನೆಯವರು ಬಡವರ ನಂಬಿಕೆ ಕಳೆಯುತ್ತಾರೆ. ಸ್ವತಂತ್ರ ತಂತ್ರಾಂಶ ಸೋಲುವುದು ಹೆಚ್ಚಾಗಿ ತನ್ನ ದೋಷದಿಂದಲ್ಲ, ಅದನ್ನು ಕೇಳದೆ ಕೊಂಡ ಯಂತ್ರದಿಂದ. ನಮ್ಮ ಸ್ವಾತಂತ್ರ್ಯ ತೀರ್ಮಾನವಾಗುವುದು ಅಂಗಡಿಯಲ್ಲಿ, ಹಣ ಎಣಿಸಿ ಕೊಡುವುದಕ್ಕೆ ಮುಂಚೆ.

ಆ ಪ್ರಿಂಟರ್ ಯಾಕೆ ಮುಷ್ಕರ ಹೂಡಿತು? ಕಡಿಮೆ ಬೆಲೆಯ ಎಷ್ಟೋ ಲೇಸರ್ ಪ್ರಿಂಟರುಗಳಿಗೆ ಸ್ವಂತ ಬುದ್ಧಿ ಇಲ್ಲ. ಪುಟದ ಚಿತ್ರವನ್ನು ಕಂಪ್ಯೂಟರೇ ಸಿದ್ಧಮಾಡಿ, ಕಂಪನಿಯ ಗುಟ್ಟಿನ ಭಾಷೆಯಲ್ಲಿ ಕಳಿಸಬೇಕು. ಆ ಭಾಷೆ ಬಲ್ಲ ಡ್ರೈವರನ್ನು ಕಂಪನಿ ವಿಂಡೋಸಿಗೆ ಮಾತ್ರ ಸರಿಯಾಗಿ ಬರೆದುಕೊಟ್ಟರೆ ಉಳಿದವರಿಗೆ ಅದು ಬರೀ ಪೆಟ್ಟಿಗೆ. ವಿಚಿತ್ರವೆಂದರೆ ಸ್ವತಂತ್ರ ತಂತ್ರಾಂಶದ ಚಳವಳಿ ಹುಟ್ಟಿದ್ದರ ಹಿಂದೆ ಇರುವುದೂ ಒಂದು ಪ್ರಿಂಟರಿನ ಜಗಳವೇ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಹಳೆಯ ಪ್ರಿಂಟರಿನ ಪ್ರೋಗ್ರಾಮನ್ನು ತಿದ್ದಿದ್ದ ರಿಚರ್ಡ್ ಸ್ಟಾಲ್‌ಮನ್, ಇದನ್ನೂ ತಿದ್ದಲು ಹೊರಟರು. ಅದರ ಮೂಲ ಸಂಕೇತ ಅವರಿಗೆ ಸಿಗಲಿಲ್ಲ. ಗುಟ್ಟು ಕಾಯುತ್ತೇನೆಂದು ಬರೆದುಕೊಟ್ಟಿದ್ದವರು ಕೊಡಲು ಒಪ್ಪಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. ನಲವತ್ತು ವರ್ಷಗಳಾಚೆಗೂ ನಮ್ಮ ವಾಚನಾಲಯದ ಹುಡುಗಿ ಅದೇ ಜಗಳದ ಮುಂದೆ ನಿಂತಿದ್ದಾಳೆ.

ಹಾಗಾದರೆ ಏನು ಕೇಳಬೇಕು? ಪ್ರಿಂಟರ್ ಆದರೆ, ಏರ್‌ಪ್ರಿಂಟ್ ಅಥವಾ ಐಪಿಪಿ ಎವ್ರಿವೇರ್ ಎಂಬ ಪದ್ಧತಿ ಇದೆಯೇ ಎಂದು ಕೇಳಿ. ಇದ್ದರೆ ಪ್ರತ್ಯೇಕ ಡ್ರೈವರಿನ ಹಂಗಿಲ್ಲದೆ ಲಿನಕ್ಸಿನಲ್ಲಿ ಮುದ್ರಿಸಬಹುದು. ಇಲ್ಲದಿದ್ದರೆ ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಬಲ್ಲದ್ದಾಗಿರಲಿ. ವೈಫೈ ಆದರೆ, ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ. ಅದೇ ಮಾದರಿಯ ಒಳಗೆ ಕಂಪನಿಗಳು ಸದ್ದಿಲ್ಲದೆ ಬೇರೆ ಚಿಪ್ ಇಡುತ್ತವೆ, ನಮಗಾದದ್ದು ಅದೇ. ಲ್ಯಾಪ್‌ಟಾಪ್ ಒಳಗಿನ ವೈಫೈ ಇಂಟೆಲ್ ಕಂಪನಿಯದಾಗಿದ್ದರೆ ತಂಟೆ ಕಡಿಮೆ. ಬ್ರಾಡ್‌ಕಾಮ್ ಆಗಿದ್ದರೆ ವಿಚಾರಿಸಿ ಕೊಳ್ಳಿ. ಆಟವಾಡುವ ಉದ್ದೇಶ ಇಲ್ಲದಿದ್ದರೆ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಸಾಕು. ಎನ್‌ವಿಡಿಯಾದ ಹಳೆಯ ಕಾರ್ಡುಗಳು ಕಂಪನಿಯ ಡ್ರೈವರ್ ನಿಂತ ದಿನ ಅನಾಥವಾಗುತ್ತವೆ. ಲಿನಕ್ಸಿನ ಕರ್ತೃ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಆ ಕಂಪನಿಯನ್ನು ತುಂಬಿದ ಸಭೆಯಲ್ಲಿ ಬೈದದ್ದು ಸುಮ್ಮನಲ್ಲ. ಇನ್ನು 32 ಬಿಟ್‌ನ ತೀರಾ ಹಳೆಯ ಯಂತ್ರವನ್ನು ಅಗ್ಗವೆಂದು ಕೊಳ್ಳಬೇಡಿ. 2025ರಲ್ಲಿ ಬಂದ ಡೆಬಿಯನ್ 13 ಕೂಡ ಅದರ ಮೇಲೆ ಹೊಸದಾಗಿ ಕೂರುವುದಿಲ್ಲ.

ಕಡಿಮೆ ಹಣಕ್ಕೆ ಲ್ಯಾಪ್‌ಟಾಪ್ ಬೇಕೆಂದರೆ, ದೊಡ್ಡ ಕಚೇರಿಗಳಿಂದ ಹೊರಬಂದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ತರಹದವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಗಟ್ಟಿಮುಟ್ಟು, ಬಿಡಿಭಾಗ ಸಿಗುತ್ತದೆ, ಲಿನಕ್ಸಿಗೆ ಸಾಮಾನ್ಯವಾಗಿ ಒಗ್ಗುತ್ತವೆ. ಉಬುಂಟು ತಯಾರಿಸುವ ಕ್ಯಾನೊನಿಕಲ್ ಕಂಪನಿ ತಾನು ಪರೀಕ್ಷಿಸಿದ ಮಾದರಿಗಳ ಪಟ್ಟಿಯನ್ನೇ ಕೊಟ್ಟಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಂದು ಜೇಬಿನಲ್ಲಿರಲಿ. ಅಂಗಡಿಯಲ್ಲೇ ಅದರಿಂದ ಯಂತ್ರ ಚಾಲೂ ಮಾಡಿ. ವೈಫೈ ಹಿಡಿಯಿತೇ, ಸದ್ದು ಬಂತೇ, ಕ್ಯಾಮೆರಾ ತೆರೆಯಿತೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಯಿತೇ ಎಂದು ನೋಡಿ. ಹತ್ತು ನಿಮಿಷದ ಕೆಲಸ. ಸೀರೆಯನ್ನು ಬೆಳಕಿಗೆ ಹಿಡಿದು ನೋಡದೆ ಕೊಳ್ಳದ ನಾವು, ಇಪ್ಪತ್ತು ಸಾವಿರದ ಯಂತ್ರವನ್ನು ಕಣ್ಣು ಮುಚ್ಚಿ ಯಾಕೆ ಕೊಳ್ಳಬೇಕು?

"ನಮ್ಮ ಭಾಷೆಯ ಕೆಲಸ ವಿಂಡೋಸಿನಲ್ಲೇ ಅಲ್ಲವೇ?" ಎಂದು ಕೇಳುವವರಿದ್ದಾರೆ. ಎರಡು ಭಾಷೆಗಳಲ್ಲಿ ಓದಿ ಬೆಳೆದ ನಮಗೆ ಈ ಪ್ರಶ್ನೆಯ ನೋವು ಗೊತ್ತು. ಕನ್ನಡ ನುಡಿಯಲ್ಲಿ, ಉರ್ದು ಇನ್‌ಪೇಜ್‌ನಲ್ಲಿ. ಎರಡೂ ವಿಂಡೋಸಿನವು. ನಮ್ಮ ಹಳೆಯ ಕಥೆಗಳೆಲ್ಲ ಆ ಫೈಲುಗಳೊಳಗೆ ಕೂತಿವೆ, ಪರಿವರ್ತಿಸದೆ ಬೇರೆಡೆ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಆದರೆ ಯೂನಿಕೋಡ್ ಬಂದ ಮೇಲೆ ಈ ನೆಪಕ್ಕೆ ಬಲವಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಲಿನಕ್ಸಿನೊಳಗೇ ಇದೆ. ನೋಟೊ ನಸ್ತಲಿಖ್ ಅಕ್ಷರ ಪುಕ್ಕಟೆ ಸಿಗುತ್ತದೆ. ಈ ಲೇಖನವನ್ನು ನಾವು ಅದೇ ಗುಜರಿ ಯಂತ್ರವೊಂದರಲ್ಲಿ ಟೈಪು ಮಾಡಿದ್ದೇವೆ.

ಎಲ್ಲರೂ ಎಲ್ಲವನ್ನೂ ಇವತ್ತೇ ಬಿಡಬೇಕೆಂದು ನಾವು ಹೇಳುವುದಿಲ್ಲ. ಅಂಗಡಿಯ ಲೆಕ್ಕಕ್ಕೆ ಟ್ಯಾಲಿ ಬೇಕಾದವರಿಗೆ, ಇಂಜಿನಿಯರಿಂಗ್ ನಕ್ಷೆಗೆ ಆಟೋಕ್ಯಾಡ್ ಬೇಕಾದವರಿಗೆ ವಿಂಡೋಸ್ ಬೇಕು. ಹಾಗೆಯೇ ಮಡಿವಂತಿಕೆಯೂ ಬೇಡ. ವೈಫೈ ಚಿಪ್‌ಗೆ ಕಂಪನಿಯ ಮುಚ್ಚಿದ ಫರ್ಮ್‌ವೇರ್ ಬೇಕಾದರೆ ಹಾಕಿ. ತತ್ವನಿಷ್ಠೆಗೆ ಹೆಸರಾದ ಡೆಬಿಯನ್ ತಂಡವೇ 2022ರಲ್ಲಿ ಮತ ಹಾಕಿ, 2023ರ ಆವೃತ್ತಿಯಿಂದ ಅದನ್ನು ಜೊತೆಗಿಟ್ಟಿದೆ. ಆದರೆ ಸಾರ್ವಜನಿಕ ಹಣದಲ್ಲಿ ಕೊಳ್ಳುವಾಗಲಾದರೂ ಕೇಳುವ ಅಭ್ಯಾಸ ಇರಲಿ. ನಮ್ಮ ಪಕ್ಕದ ಕೇರಳವನ್ನು ನೋಡಿ. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಸರಕಾರಿ ಕಂಪನಿ, ಅಲ್ಲಿನ ಶಾಲೆಗಳನ್ನು ಸ್ವತಂತ್ರ ತಂತ್ರಾಂಶದ ಮೇಲೆ ನಡೆಸುತ್ತಿವೆ. ಎರಡು ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳಲ್ಲಿ ಇದರಿಂದ 3,000 ಕೋಟಿ ರೂಪಾಯಿ ಉಳಿಯುತ್ತದೆಂದು 2019ರಲ್ಲಿ ಅವರು ಲೆಕ್ಕ ಕೊಟ್ಟರು. ಕೊಳ್ಳುವವನು ಗಟ್ಟಿಯಾಗಿ ಕೇಳಿದರೆ ಮಾರುವವನು ಒಗ್ಗುವ ಯಂತ್ರವನ್ನೇ ತರುತ್ತಾನೆ, ಅಷ್ಟೇ ಗುಟ್ಟು.

ನಮ್ಮ ಶಾಲಾ ಕಮಿಟಿಗಳು, ಟ್ರಸ್ಟುಗಳು, ಸಂಘಗಳು ಚಂದಾದ ಒಂದೊಂದು ರೂಪಾಯಿಗೂ ರಸೀದಿ ಕೇಳುತ್ತವೆ. ಅದೇ ಹಣದ ಯಂತ್ರದಲ್ಲಿ ಕದ್ದ ವಿಂಡೋಸ್ ಹಾಕಿಸುವಾಗ ಯಾರೂ ಬಾಯಿ ಬಿಡುವುದಿಲ್ಲ. ಜನರ ಹಣ ಅಮಾನತ್ತು. ಬೆಲೆ ಕೊಟ್ಟು ಕೊಳ್ಳಿ, ಇಲ್ಲವೇ ಬೆಲೆ ಕೇಳದ್ದನ್ನು ತನ್ನಿ. ಮೂರನೆಯ ದಾರಿಯನ್ನು ಮಕ್ಕಳಿಗೆ ಕಲಿಸಬೇಡಿ.

ಆ ಪ್ರಿಂಟರನ್ನು ಕೊಂಡದ್ದು ಯಾರು ಎಂದು ಕಮಿಟಿಯಲ್ಲಿ ಪ್ರಶ್ನೆ ಬಂದಾಗ ನಾವು ತಲೆ ತಗ್ಗಿಸಬೇಕಾಯಿತು, ಏಕೆಂದರೆ ಆಯ್ಕೆ ನಮ್ಮದೇ. ಈಗ ಅದು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ. ಹೊಸದಕ್ಕೆ ಕೊಟೇಶನ್ ತರಿಸುವಾಗ ಹಾಜಿ ಸಾಹೇಬರೇ ಕೆಳಗೊಂದು ಸಾಲು ಬರೆಸಿದರು: "ಲಿನಕ್ಸಿನಲ್ಲಿ ಓಡದಿದ್ದರೆ ವಾಪಸ್." ಮೂವರು ಅಂಗಡಿಯವರಲ್ಲಿ ಒಬ್ಬರು ಅದಕ್ಕೆ ಸಹಿ ಹಾಕಿದರು. ನಾವು ಅವರಲ್ಲೇ ಕೊಂಡೆವು.