ನೀತಿ ಕೇಳುವ ಮುನ್ನ

ಮಗು ಕಥೆ ಓದಿ ಮುಗಿಸಿದ ಕೂಡಲೇ ನಾವು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಈ ಕಥೆಯ ನೀತಿ ಏನು?’ ಮಗುವೂ ತಡವರಿಸದೆ ‘ಉಪಕಾರ ಮಾಡಿದವರನ್ನು ಮರೆಯಬಾರದು’ ಎನ್ನುತ್ತದೆ. ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ಅದಕ್ಕೆ ಕಥೆ ಅರ್ಥವಾಗಿದೆಯೇ? ನೀತಿವಾಕ್ಯವನ್ನು ಕಥೆ ಓದದೆಯೂ ಬಾಯಿಪಾಠ ಮಾಡಬಹುದು.

ಈಸೋಪನ ಸಿಂಹ ಮತ್ತು ಇಲಿಯ ಕಥೆಯನ್ನೇ ತೆಗೆದುಕೊಳ್ಳಿ. ‘ನನ್ನನ್ನು ಬಿಟ್ಟರೆ ಮುಂದೆ ನೆರವಾಗುತ್ತೇನೆ’ ಎನ್ನುತ್ತದೆ ಇಲಿ. ಸಿಂಹ ನಕ್ಕು ಬಿಟ್ಟುಬಿಡುತ್ತದೆ. ಮುಂದೊಮ್ಮೆ ಸಿಂಹ ಬಲೆಗೆ ಬಿದ್ದಾಗ ಇಲಿ ಬಲೆ ಕಡಿದು ಬಿಡಿಸುತ್ತದೆ. ಇಷ್ಟು ಪುಟ್ಟ ಕಥೆಯಲ್ಲೂ ಮೂರು ಬಗೆಯ ಪ್ರಶ್ನೆಗಳಿಗೆ ಎಡೆಯಿದೆ.

ಮೊದಲನೆಯದು, ಉತ್ತರ ಸಾಲಿನಲ್ಲೇ ಇರುವಂಥದ್ದು: ಸಿಂಹ ಯಾವುದರಲ್ಲಿ ಸಿಕ್ಕಿಬಿತ್ತು? ಎರಡನೆಯದು, ಸಾಲುಗಳ ನಡುವೆ ಹುಡುಕಬೇಕಾದದ್ದು: ಸಿಂಹ ನಕ್ಕಿದ್ದೇಕೆ? ಇಲಿಯನ್ನು ಬಿಟ್ಟಿದ್ದು ಕರುಣೆಯಿಂದಲೋ, ತಾತ್ಸಾರದಿಂದಲೋ? ಮೂರನೆಯದು, ಮಗು ತಾನೇ ಯೋಚಿಸಿ ಹೇಳಬೇಕಾದದ್ದು: ಸಿಂಹದಿಂದ ಯಾವ ಉಪಕಾರವೂ ಆಗಿರದಿದ್ದರೆ, ಇಲಿ ಅದನ್ನು ಬಿಡಿಸಬೇಕಿತ್ತೇ?

ಋಣ ತೀರಿಸುವುದು ಬೇರೆ, ದಯೆ ಬೇರೆ ಎಂಬುದು ಮಗುವಿಗೆ ಹೊಳೆಯುವುದು ಈ ಕೊನೆಯ ಪ್ರಶ್ನೆಯಲ್ಲಿ. ಮಗು ಏನೇ ಉತ್ತರಿಸಲಿ, ‘ತಪ್ಪು’ ಎನ್ನಬೇಡಿ. ‘ಯಾವ ಸಾಲು ಓದಿ ಹಾಗೆ ಅನ್ನಿಸಿತು?’ ಎಂದು ಕೇಳಿ. ಆಗ ಅದು ಪುಸ್ತಕಕ್ಕೆ ಮರಳುತ್ತದೆ, ಮತ್ತೆ ಓದುತ್ತದೆ. ಗ್ರಹಿಕೆ ಬೆಳೆಯುವುದು ಈ ಎರಡನೆಯ ಓದಿನಲ್ಲಿ.

ನಮ್ಮ ಗೋವಿನ ಹಾಡಿಗೂ ಇದೇ ಕ್ರಮ ಒಪ್ಪುತ್ತದೆ. ಪುಣ್ಯಕೋಟಿಯ ಸತ್ಯಸಂಧತೆಯನ್ನು ಮಕ್ಕಳೆಲ್ಲ ಬಲ್ಲರು. ಆದರೆ ತಬ್ಬಲಿಯಾಗಲಿರುವ ಕರುವನ್ನು ತಮ್ಮದೆಂದೇ ನೋಡಿಕೊಳ್ಳಲು ಒಪ್ಪಿದ ಉಳಿದ ಹಸುಗಳನ್ನು ಎಷ್ಟು ಮಂದಿ ನೆನೆಯುತ್ತಾರೆ? ದಯೆ ಅಲ್ಲಿಯೂ ಇದೆ. ನೀತಿಯ ಅವಸರದಲ್ಲಿ ಅದು ಕಣ್ತಪ್ಪಿ ಹೋಗುತ್ತದೆ.

ತಂದೆತಾಯಂದಿರು ಇದಕ್ಕಾಗಿ ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಸಾಕು. ಕಥೆಯನ್ನು ನಡುವೆ ನಿಲ್ಲಿಸಿ, ‘ಮುಂದೇನಾಗಬಹುದು?’ ಎಂದು ಕೇಳಿ. ಇಲಿಯ ಬಾಯಿಂದ, ಕರುವಿನ ಬಾಯಿಂದ ಅದೇ ಕಥೆಯನ್ನು ಹೇಳಿಸಿ. ವಿದ್ಯಾರ್ಥಿಗಳೇ, ನೀವೂ ತಮ್ಮ ತಂಗಿಯರಿಗೆ ಹೀಗೆಯೇ ಓದಿ ಹೇಳಬಹುದು.

ಕಥೆಯೊಳಗಿನ ಇಲಿಯ ಅಂಜಿಕೆಯನ್ನು ಊಹಿಸಬಲ್ಲ ಮಗುವಿಗೆ, ತರಗತಿಯ ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕುಳಿತ ಗೆಳೆಯನ ಮನಸ್ಸೂ ಅರ್ಥವಾದೀತು. ನೀತಿಯನ್ನು ಬೇರೆಯಾಗಿ ಕೇಳುವ ಅಗತ್ಯ ಆಗ ಬೀಳದು.